ಮರೆತರೋ, ಮನಸ್ಸಿಗೆ ಇಳಿಯಲೇ ಇಲ್ಲವೋ: ಸಿರುಗುಪ್ಪದ ಗುಮಾಸ್ತರೊಬ್ಬರ ನೆನಪಿನ ಪರೀಕ್ಷೆ

ಬಳ್ಳಾರಿ ಜಿಲ್ಲೆ ಸಿರುಗುಪ್ಪ ತಾಲ್ಲೂಕಿನವರು, 61 ವರ್ಷ. ಓದಿದ್ದು 7ನೇ ತರಗತಿ. ಅಕ್ಕಿ ಮಿಲ್ಲಿನಲ್ಲಿ ಗುಮಾಸ್ತರಾಗಿ ಮೂವತ್ತು ವರ್ಷ ಭತ್ತದ ಚೀಲದ ಲೆಕ್ಕ ಬರೆದವರು. ಮನೆಮಾತು ತೆಲುಗು, ಶಾಲೆ ಮತ್ತು ಲೆಕ್ಕದ ಪುಸ್ತಕ ಕನ್ನಡ. ಹೆಂಡತಿ ತೀರಿಕೊಂಡು ವರ್ಷದ ಮೇಲಾಗಿದೆ. ಹತ್ತು ತಿಂಗಳಿಂದ ಮರೆವು: ಕೊಟ್ಟ ಹಣ ಯಾರಿಗೆ ಕೊಟ್ಟೆ ಎಂದು ನೆನಪಿಲ್ಲ, ಹೇಳಿ ಕಳಿಸಿದ ಸಾಮಾನಿನಲ್ಲಿ ಅರ್ಧ ಬಿಟ್ಟು ಬರುತ್ತಾರೆ, ಬೆಳಿಗ್ಗೆ ಆಡಿದ ಮಾತು ಮಧ್ಯಾಹ್ನ ಕೇಳಿದರೆ ‘ಹೌದಾ?’ ಅನ್ನುತ್ತಾರೆ. ಬೇರೊಂದು ಕಡೆ 30 ಅಂಕದ ಸ್ಕ್ರೀನಿಂಗ್ ಮಾಡಿಸಿದ್ದರು. ಅದರಲ್ಲಿ 21 ಬಂದಿತ್ತು. ಚೀಟಿಯ ಮೇಲೆ ‘ಡಿಮೆನ್ಷಿಯಾ ಆರಂಭ’ ಎಂಬ ಷರಾ, ಅಂದರೆ ನೆನಪು, ಬುದ್ಧಿ ಕುಂದಿ ದಿನದ ಬದುಕೇ ಕೆಡುವ ಕಾಯಿಲೆ ಶುರುವಾಗಿದೆ ಎಂದು. ಮಗನ ಪ್ರಶ್ನೆ ನೇರವಾಗಿತ್ತು: ಇದು ಅಲ್ಝೈಮರ್ಸೇ, ಮರೆವಿನ ಮಾತ್ರೆ ಶುರು ಮಾಡಬೇಕೇ, ಅಪ್ಪನ ಹೆಸರಿನ ಜಮೀನಿನ ಪಾಲು ಈಗಲೇ ಮಾಡಿಸಿಕೊಳ್ಳಬೇಕೇ?

ಇದು ಇಂಥ ಹಲವು ಪ್ರಕರಣಗಳ ಲಕ್ಷಣಗಳನ್ನು ಕೂಡಿಸಿ ಕಲಿಕೆಗೆಂದು ಕಟ್ಟಿದ ಪ್ರಕರಣ, ಅಂಕಗಳೂ ಹಾಗೆಯೇ. ಪರೀಕ್ಷೆಯಲ್ಲಿ ಬಳಸುವ ಪದಗಳನ್ನಾಗಲಿ, ಚಿತ್ರವನ್ನಾಗಲಿ ಇಲ್ಲಿ ಕೊಟ್ಟಿಲ್ಲ. ಒಮ್ಮೆ ಬಯಲಾದ ಪದಪಟ್ಟಿ ಮುಂದೆ ಯಾರ ನೆನಪನ್ನೂ ಅಳೆಯಲಾರದು.

21ರ ಒಳಗೆ ಏನಿತ್ತು

ಮೊತ್ತ ನೋಡಿ ತೀರ್ಮಾನಿಸುವ ಮುಂಚೆ ಕಳೆದುಹೋದ 9 ಅಂಕ ಎಲ್ಲೆಲ್ಲಿ ಹೋಯಿತು ಎಂದು ಬಿಡಿಸಿ ನೋಡಬೇಕು. ಮೂರು ಪದ ಹೇಳಿ ಸ್ವಲ್ಪ ಹೊತ್ತಿನ ನಂತರ ಕೇಳಿದ್ದರಲ್ಲಿ 3 ಅಂಕ ಹೋಗಿದೆ. ನೂರರಿಂದ ಏಳೇಳು ಕಳೆಯುವುದರಲ್ಲಿ 3. ತಾರೀಖಿಗೆ 1, ವಾಕ್ಯ ಮರಳಿ ಹೇಳುವುದಕ್ಕೆ 1, ಚಿತ್ರಕ್ಕೆ 1.

ತಾರೀಖು ತಪ್ಪಿದ್ದಕ್ಕೆ ಹೆಚ್ಚು ಬೆಲೆ ಕೊಡಬೇಕಿಲ್ಲ. ‘ಅಮಾಸಿ ಆಗಿ ನಾಕು ದಿನ ಆತು ನೋಡ್ರಿ’ ಎಂದು ಅವರು ಹೇಳಿದ್ದು ಸರಿಯಾಗಿತ್ತು. ಮಿಲ್ಲು ಬಿಟ್ಟವರಿಗೆ ಇಂಗ್ಲಿಷ್ ತಾರೀಖಿನ ಕೆಲಸವೇ ಇಲ್ಲ. ವಾಕ್ಯ ತಪ್ಪಿದ್ದಕ್ಕೆ ಕಿವಿ ಕಾರಣವಿರಬಹುದು. ಆದರೆ ಕಳೆಯುವ ಲೆಕ್ಕ ತಪ್ಪಿದ್ದನ್ನು ಹಗುರವಾಗಿ ಬಿಡುವಂತಿಲ್ಲ. ಜೀವಮಾನವಿಡೀ ಚೀಲ, ಕ್ವಿಂಟಲ್, ಕಡತ ಲೆಕ್ಕ ಹಾಕಿದ ಮನುಷ್ಯ 93, 86 ಎಂದು ಸರಿಯಾಗಿ ಹೇಳಿ, ಆಮೇಲೆ ‘ಎಷ್ಟು ಕಳೀಬೇಕು ಅಂದ್ರಿ?’ ಎಂದು ಕೇಳಿದ್ದಾರೆ. ಲೆಕ್ಕ ಮರೆತಿಲ್ಲ. ಲೆಕ್ಕ ಮಾಡುತ್ತಿರುವಾಗ ನಿಯಮವನ್ನು ಮನಸ್ಸಿನಲ್ಲಿ ಹಿಡಿದುಕೊಳ್ಳಲು ಆಗಿಲ್ಲ. ಹಿಡಿತ ಸಡಿಲವಾದದ್ದು ಗಮನದಲ್ಲಿ ಎಂಬ ಮೊದಲ ಸುಳಿವು ಇಲ್ಲೇ ಇದೆ. ಇದೇ 3 ಅಂಕದ ನಷ್ಟ ಕೂಲಿ ಮಾಡುವ, ಶಾಲೆ ಕಾಣದ ಒಬ್ಬರಲ್ಲಿ ಒಂದು ಮಾತು ಹೇಳುತ್ತದೆ, ಈ ಗುಮಾಸ್ತರಲ್ಲಿ ಇನ್ನೊಂದು.

ಮೂರು ಪದಗಳ ವಿಷಯ ಇನ್ನೂ ನಾಜೂಕು. ಪದ ಹೇಳಿದ ಕೂಡಲೇ ಮೂರನ್ನೂ ಅವರಿಂದ ಮರಳಿ ಹೇಳಿಸಿದ್ದರೇ ಎಂದು ಕೇಳಿದಾಗ ಗೊತ್ತಾದದ್ದು: ಪಕ್ಕದಲ್ಲಿ ಕೂತಿದ್ದ ಮಗನೇ ಪದಗಳನ್ನು ತೆಲುಗಿಗೆ ತಿರುಗಿಸಿ ಹೇಳಿದ್ದ, ತಂದೆ ತಲೆಯಾಡಿಸಿದ್ದರು. ಮನಸ್ಸಿನೊಳಕ್ಕೆ ಹೋದವೋ ಇಲ್ಲವೋ ಖಾತ್ರಿಯಿಲ್ಲದ ಪದಗಳನ್ನು ‘ಮರೆತರು’ ಎಂದು ಬರೆಯಲು ಬರುವುದಿಲ್ಲ.

ಪರೀಕ್ಷೆಗೆ ಕೂರಿಸುವ ಮುನ್ನ

ನೆನಪಿನ ಪರೀಕ್ಷೆ ಹಾಳಾಗುವುದು ಹೆಚ್ಚಾಗಿ ಪರೀಕ್ಷೆ ಶುರುವಾಗುವ ಮೊದಲೇ. ಹಾಗಾಗಿ ಈ ಭಾಗಕ್ಕೆ ಸಮಯ ಕೊಟ್ಟಷ್ಟೂ ಒಳ್ಳೆಯದು.

ಮೊದಲು ಕಿವಿ. ಮಿಲ್ಲಿನ ಸದ್ದಿನಲ್ಲಿ ದಶಕಗಟ್ಟಲೆ ಕೆಲಸ ಮಾಡಿದವರಿಗೆ ಎತ್ತರದ ಸ್ವರಗಳು ಮೊದಲು ಹೋಗುತ್ತವೆ. ‘ಸ’, ‘ಶ’, ‘ಟ’, ‘ತ’ಗಳ ಅಂಚು ಮಸುಕಾಗುತ್ತದೆ, ದನಿ ಕೇಳಿಸುತ್ತದೆ, ಪದ ತಿಳಿಯುವುದಿಲ್ಲ. ಪಟ್ಟಿಯಲ್ಲಿಲ್ಲದ ಹತ್ತು ಪದಗಳನ್ನು ಬಾಯಿ ಮರೆಮಾಡಿ ಒಂದೊಂದಾಗಿ ಹೇಳಿ ಮರಳಿ ಹೇಳಿಸಿದಾಗ ಇವರು 6 ಮಾತ್ರ ಸರಿ ಹೇಳಿದರು. ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಎದುರಿಗೆ ಕೂತು, ಮುಖ ಕಾಣುವಂತೆ ಹೇಳಿದಾಗ 10ಕ್ಕೆ 10. ಇಡೀ ಪರೀಕ್ಷೆಯನ್ನು ಹಾಗೆಯೇ ನಡೆಸಲಾಯಿತು. ಕಿವಿ ಪರೀಕ್ಷೆಗೂ ಬರೆದುಕೊಡಲಾಯಿತು.

ನಂತರ ಭಾಷೆ. ‘ನಿಮ್ಮ ಭಾಷೆ ಯಾವುದು’ ಎಂದರೆ ಬಳ್ಳಾರಿ ಸೀಮೆಯಲ್ಲಿ ಬಹಳ ಜನ ಎರಡು ಹೆಸರು ಹೇಳುತ್ತಾರೆ, ಎರಡೂ ನಿಜವೇ. ಕೇಳಬೇಕಾದದ್ದು: ಲೆಕ್ಕ ಯಾವುದರಲ್ಲಿ ಮಾಡುತ್ತೀರಿ, ಓದುವುದು ಯಾವುದರಲ್ಲಿ, ಸಿಟ್ಟು ಬಂದರೆ ಯಾವುದರಲ್ಲಿ ಬೈಯುತ್ತೀರಿ? ಇವರ ಲೆಕ್ಕ ಮತ್ತು ಓದು ಕನ್ನಡ, ಬೈಗುಳ ತೆಲುಗು. ಪದಪಟ್ಟಿ, ಅಂಕಿ ಮರಳಿ ಹೇಳುವುದು ಕನ್ನಡದಲ್ಲೇ ಆಯಿತು. ಒಂದು ಕಟ್ಟುನಿಟ್ಟು: ಕನ್ನಡ ಪಟ್ಟಿಯನ್ನು ಕೂತಲ್ಲೇ ತೆಲುಗಿಗೆ ತಿರುಗಿಸಿ ಹೇಳಬಾರದು. ಪದದ ಉದ್ದ, ಬಳಕೆ, ಒಂದರ ಪಕ್ಕ ಇನ್ನೊಂದು ಕೇಳುವ ರೀತಿ ಎಲ್ಲವೂ ಬದಲಾಗುತ್ತದೆ, ಹೋಲಿಸಲು ಇಟ್ಟುಕೊಂಡ ಮಾನದಂಡ ಅಲ್ಲಿಗೆ ಉಪಯೋಗವಿಲ್ಲ. ಹಳ್ಳಿಯ ಉಚ್ಚಾರವನ್ನು ಒಪ್ಪಬೇಕು, ‘ಮನೆ’ಗೆ ‘ಮನಿ’ ಅಂದರೆ ಅದು ಸರಿಯೇ. ಕನ್ನಡ ಪದಕ್ಕೆ ಅದೇ ಅರ್ಥದ ತೆಲುಗು ಪದ ಬಂದರೆ ಅಂಕ ಕೊಡದೆ ಪಕ್ಕದಲ್ಲಿ ಬರೆದಿಡಬೇಕು. ಇವರು ಮೂರನೇ ಸುತ್ತಿನಲ್ಲಿ ಹಾಗೆ ಒಂದು ಪದ ಹೇಳಿದರು. ಅರ್ಥ ಒಳಗೆ ಇಳಿದಿದೆ ಎಂಬುದಕ್ಕೆ ಅದು ಸಾಕ್ಷಿ.

ಮೂರನೆಯದು ಹೊಟ್ಟೆ ಮತ್ತು ಮಾತ್ರೆ. ಸಕ್ಕರೆ ಕಾಯಿಲೆಯವರು ಬೆಳಗಿನ ಬಸ್ಸು ಹಿಡಿದು ಮಾತ್ರೆ ನುಂಗಿ ಉಣ್ಣದೆ ಬಂದಿದ್ದರೆ ಆ ದಿನದ ಅಂಕ ರಕ್ತದ ಸಕ್ಕರೆಯದ್ದೇ ಹೊರತು ನೆನಪಿನದ್ದಲ್ಲ. ತಿಂಡಿ ತಿನ್ನಿಸಿ, ಗ್ಲುಕೋಮೀಟರ್‌ನಲ್ಲಿ ನೋಡಿ, ಕನ್ನಡಕ ತಂದಿದ್ದಾರೆಯೇ ಎಂದು ವಿಚಾರಿಸಿ, ಮಾತ್ರೆಗಳ ಚೀಲವನ್ನೇ ಮೇಜಿನ ಮೇಲೆ ಸುರಿಸಬೇಕು. ‘ಏನೇನು ತಗೊಳ್ತೀರಿ’ ಎಂಬ ಪ್ರಶ್ನೆಗೆ ಇವರು ಹೇಳಿದ್ದು ‘ಶುಗರ್ ಮಾತ್ರಿ ಅಷ್ಟ’. ಚೀಲದಲ್ಲಿ ಸಿಕ್ಕದ್ದು ಮೂರು: ಸಕ್ಕರೆ ಕಾಯಿಲೆಗೆ ಒಂಬತ್ತು ವರ್ಷದಿಂದ ಮೆಟ್‌ಫಾರ್ಮಿನ್, ಪಾದ ಉರಿಯುತ್ತದೆಂದು ರಾತ್ರಿ ಅಮಿಟ್ರಿಪ್ಟಿಲಿನ್ 25 ಮಿಲಿಗ್ರಾಂ, ನಿದ್ದೆಗೆಂದು ಅಲ್ಪ್ರಜೋಲಮ್ 0.5 ಮಿಲಿಗ್ರಾಂ. ಈ ಪ್ರಕರಣದ ಅರ್ಧ ಉತ್ತರ ಆ ಚೀಲದಲ್ಲೇ ಇತ್ತು.

ಪದಪಟ್ಟಿ: ಐದು ಸುತ್ತಿನ ಕಥೆ

ಬಳಸಿದ್ದು ನಿಮ್ಹಾನ್ಸ್ ನ್ಯೂರೋಸೈಕಾಲಜಿ ಬ್ಯಾಟರಿಯಲ್ಲಿರುವ (ಗಮನ, ನೆನಪು ಮುಂತಾದವನ್ನು ಅಳೆಯುವ ಪರೀಕ್ಷೆಗಳ ಗುಚ್ಛ) ರೀತಿಯ ಕೇಳಿ ಕಲಿಯುವ ಪದಪಟ್ಟಿ. 15 ಪದ. ಸೆಕೆಂಡಿಗೆ ಒಂದರಂತೆ, ಏರಿಳಿತವಿಲ್ಲದ ದನಿಯಲ್ಲಿ ಓದಬೇಕು. ರಾಗವಾಗಿ ಓದಿದರೆ ಪದಗಳು ಗುಂಪುಗುಂಪಾಗಿ ಕೂತುಬಿಡುತ್ತವೆ. ಅದೇ ಪಟ್ಟಿಯನ್ನು ಐದು ಸಲ ಓದಿ, ಪ್ರತಿ ಸಲವೂ ನೆನಪಿರುವಷ್ಟನ್ನು ಯಾವ ಕ್ರಮದಲ್ಲಾದರೂ ಹೇಳಿಸಬೇಕು. ಆಮೇಲೆ ಬೇರೆಯೇ 15 ಪದಗಳ ಎರಡನೇ ಪಟ್ಟಿ, ಒಂದೇ ಸಲ. ಕೂಡಲೇ ಮೊದಲ ಪಟ್ಟಿಯನ್ನು ಓದದೆಯೇ ಕೇಳಬೇಕು. ಸುಮಾರು 20 ನಿಮಿಷ ಬಿಟ್ಟು ಮತ್ತೆ ಕೇಳಬೇಕು. ಕೊನೆಗೆ ಹಳೆಯ 15, ಹೊಸ 15 ಪದ ಬೆರೆಸಿ ಒಂದೊಂದಾಗಿ ಓದಿ ‘ಇದು ಮೊದಲ ಪಟ್ಟಿಯಲ್ಲಿ ಇತ್ತಾ, ಇಲ್ಲವಾ’ ಎಂದು ಗುರುತಿಸಲು ಹೇಳಬೇಕು.

ನಡುವಿನ 20 ನಿಮಿಷದಲ್ಲಿ ಏನು ಮಾಡಿಸುತ್ತೇವೆ ಎಂಬುದರಲ್ಲೇ ಬಹಳ ಜನ ಎಡವುತ್ತಾರೆ. ಪಟ್ಟಿಯಲ್ಲಿ ಪ್ರಾಣಿಗಳ ಹೆಸರಿದ್ದು, ನಡುವೆ ‘ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿ ಹೇಳ್ತೀರಿ’ ಎಂಬ ಪರೀಕ್ಷೆ ಮಾಡಿಸಿದರೆ ಆಮೇಲೆ ಪಟ್ಟಿಯಲ್ಲಿಲ್ಲದ ಪ್ರಾಣಿಗಳು ನುಗ್ಗಿ ಬರುತ್ತವೆ. ಆ ನುಸುಳು ಪದಗಳನ್ನು ಕಾಯಿಲೆಯ ಲಕ್ಷಣವೆಂದು ಬರೆದರೆ ರೋಗಿಗೆ ಅನ್ಯಾಯ, ಅವು ಪರೀಕ್ಷಕರೇ ಬಿತ್ತಿದವು. ನಡುವಿನ ಹೊತ್ತಿಗೆ ಬ್ಲಾಕ್ ಜೋಡಿಸುವುದು, ಗೆರೆ ಎಳೆಯುವುದು, ಗುರುತು ಹುಡುಕಿ ಹೊಡೆಯುವುದು ಇಂಥ ಮಾತಿಲ್ಲದ ಕೆಲಸವೇ ಸರಿ. ಪ್ರಾಣಿಗಳ ಹೆಸರನ್ನು ಇವರಿಂದ ಮರುದಿನ ಹೇಳಿಸಲಾಯಿತು: ಕನ್ನಡದಲ್ಲಷ್ಟೇ 9, ಎರಡೂ ಭಾಷೆಗೆ ಬಿಟ್ಟಾಗ 13.

ಇವರ ಅಂಕ ಹೀಗಿತ್ತು:

ಐದು ಸುತ್ತು: 3, 4, 5, 6, 6. ಒಟ್ಟು 24.
ಎರಡನೇ ಪಟ್ಟಿ: 3.
ಎರಡನೇ ಪಟ್ಟಿಯ ನಂತರ ಮೊದಲ ಪಟ್ಟಿ: 5.
20 ನಿಮಿಷದ ನಂತರ: 5.
ಗುರುತಿಸಿದ್ದು: 15ಕ್ಕೆ 13. ಹೊಸ ಪದವನ್ನು ‘ಇತ್ತು’ ಎಂದದ್ದು: 1.

ಐದು ಸುತ್ತಾದರೂ 15ರಲ್ಲಿ 6, ಆಮೇಲೆ ಉಳಿದದ್ದು 5. ಎರಡೂ ಕಡಿಮೆ ಅಂಕವೇ. ‘ತಡವಾದ ನೆನಪು ತೀವ್ರವಾಗಿ ಕುಂದಿದೆ’ ಎಂದು ವರದಿಯಲ್ಲಿ ಬರೆದು ಮುಗಿಸುವುದು ಸುಲಭ, ಅಲ್ಲೇ ಮೋಸ ಹೋಗುವುದು. 5 ಎಂಬ ಸಂಖ್ಯೆ ತಾನಾಗಿ ಏನನ್ನೂ ಹೇಳುವುದಿಲ್ಲ, ಎಷ್ಟರಲ್ಲಿ 5 ಎಂದು ಕೇಳಬೇಕು. ಕಲಿತದ್ದು 6, ಉಳಿದದ್ದು 5: ಶೇ 83 ಉಳಿದಿದೆ. ಬಾಯಿಗೆ ಬರದೆ ಹೋದ ಪದಗಳೂ ಎದುರಿಗೆ ಇಟ್ಟಾಗ ಗುರುತು ಸಿಕ್ಕಿವೆ.

ಪಕ್ಕದಲ್ಲಿ ಇನ್ನೊಬ್ಬರನ್ನು ಊಹಿಸಿಕೊಳ್ಳಿ. ಐದನೇ ಸುತ್ತಿನಲ್ಲಿ 8 ಪದ ಹೇಳುತ್ತಾರೆ, ಒಟ್ಟು ಮೊತ್ತವೂ ಇವರಿಗಿಂತ ಜಾಸ್ತಿ. 20 ನಿಮಿಷದ ನಂತರ 1. ಗುರುತಿಸಿದ್ದು 9, ಜೊತೆಗೆ ಇಲ್ಲದ 7 ಪದಗಳನ್ನು ‘ಇತ್ತು’ ಅಂದಿದ್ದಾರೆ. ಕಲಿಕೆಯ ಅಂಕ ಹೆಚ್ಚಿದ್ದರೂ ಆತಂಕಪಡಬೇಕಾದವರು ಇವರೇ. ಒಳಗೆ ಹೋದದ್ದು ಅಳಿಸಿಹೋಗಿದೆ, ಸುಳಿವು ಕೊಟ್ಟರೂ ಮರಳುತ್ತಿಲ್ಲ. ಹೊಸ ನೆನಪು ಕಟ್ಟುವ ಮಿದುಳಿನ ಭಾಗವಾದ ಹಿಪೊಕ್ಯಾಂಪಸ್‌ಗೆ ಪೆಟ್ಟು ಬಿದ್ದ ಅಲ್ಝೈಮರ್ಸ್‌ನ ವಾಡಿಕೆಯ ಚಹರೆ ಇದು. ಗುರುತಿಸುವಿಕೆಯಲ್ಲಿ ಸರಿ ಉತ್ತರವನ್ನಷ್ಟೇ ಎಣಿಸಬಾರದು ಎಂಬುದೂ ಇಲ್ಲಿ ತಿಳಿಯುತ್ತದೆ. ಎಲ್ಲಕ್ಕೂ ‘ಹೂಂ’ ಅಂದವರಿಗೂ 15ಕ್ಕೆ 15 ಬರುತ್ತದೆ. ಸರಿಯಿಂದ ತಪ್ಪನ್ನು ಕಳೆದರೆ ಗುಮಾಸ್ತರದ್ದು 12, ಊಹಿಸಿಕೊಂಡವರದ್ದು 2.

ಅಂಕದ ಹೊರಗೆ ಕಂಡದ್ದೂ ದೊಡ್ಡದು. ಗುಮಾಸ್ತರು ಪಟ್ಟಿಯ ತಲೆ ಮತ್ತು ಬಾಲ ಎರಡರಿಂದಲೂ ಪದ ಹೇಳಿದರು, ಬಿಟ್ಟುಹೋದದ್ದು ನಡುವಿನವು. ಅಲ್ಝೈಮರ್ಸ್‌ನಲ್ಲಿ ಸಾಮಾನ್ಯವಾಗಿ ತಲೆಯ ಪದಗಳು ಜಾರಿ ಈಗಷ್ಟೇ ಕೇಳಿದ ಬಾಲವಷ್ಟೇ ಉಳಿಯುತ್ತದೆ. ಇಲ್ಲದ ಪದ ಒಂದನ್ನೂ ಸೇರಿಸಲಿಲ್ಲ, ಎರಡನೇ ಪಟ್ಟಿಯ ಪದವೂ ಮೊದಲನೆಯದರಲ್ಲಿ ಬೆರೆಯಲಿಲ್ಲ. ಒಂದೇ ಗುಂಪಿನ ಪದಗಳಿದ್ದರೂ ಅವನ್ನು ಕೂಡಿಸಿ ಹೇಳುವ ಜಾಣ್ಮೆ ಐದು ಸುತ್ತಿನಲ್ಲೂ ಕಾಣಲಿಲ್ಲ. ಪ್ರತಿ ಸುತ್ತಿನಲ್ಲೂ ಇಪ್ಪತ್ತು ಸೆಕೆಂಡಿಗೇ ‘ಇಲ್ರಿ, ತಲ್ಯಾಗ ಏನೂ ನಿಲ್ಲಂಗಿಲ್ಲ’ ಎಂದು ಕೈಚೆಲ್ಲುತ್ತಿದ್ದರು. ಸುಮ್ಮನೆ ಕಾದರೆ ನಿಮಿಷ ತುಂಬುವುದರೊಳಗೆ ಇನ್ನೊಂದು ಪದ ಬರುತ್ತಿತ್ತು. ‘ಗೊತ್ತಿಲ್ಲ’ ಅಂದ ಕೂಡಲೇ ಪೆನ್ನು ಕೆಳಗಿಟ್ಟಿದ್ದರೆ ಆ ಅಂಕಗಳೂ ಇರುತ್ತಿರಲಿಲ್ಲ. ಪ್ರಯತ್ನ ಕಡಿಮೆ ಮಾಡಿದರೇ, ಬೇಕೆಂದೇ ತಪ್ಪು ಹೇಳಿದರೇ ಎಂಬುದನ್ನೂ ನೋಡಲೇಬೇಕು, ಅದೂ ಆಸ್ತಿಯ ಮಾತಿರುವಾಗ. ಗುರುತಿಸುವಿಕೆ ಇಷ್ಟು ಚೆನ್ನಾಗಿರುವಲ್ಲಿ ಆ ಶಂಕೆಗೆ ಆಧಾರವಿಲ್ಲ.

ಚಿತ್ರ, ಕಥೆ, ಅಂಕಿ

ಶೇ 83ರ ಮೇಲೆ ಎಷ್ಟು ಭಾರ ಹೇರಬಹುದು? ಬಹಳ ಇಲ್ಲ. ಕಲಿತದ್ದೇ 6 ಆದಾಗ ಒಂದು ಪದ ಹೆಚ್ಚುಕಡಿಮೆಯಾದರೆ ಶೇಕಡಾ 17 ಅಂಕ ಅತ್ತಿತ್ತ ಜಿಗಿಯುತ್ತದೆ. 4 ನೆನಪಿದ್ದಿದ್ದರೆ ಶೇ 67, 3 ಆಗಿದ್ದರೆ ಶೇ 50. ಆದ್ದರಿಂದ ಬೇರೆ ಬಗೆಯ ನೆನಪೂ ಅದೇ ಮಾತು ಹೇಳುತ್ತದೆಯೇ ಎಂದು ನೋಡಬೇಕು.

ಸ್ವಿಸ್ ಮನೋವಿಜ್ಞಾನಿ ಆಂದ್ರೆ ರೇ 1941ರಲ್ಲಿ ರೂಪಿಸಿದ ಸಂಕೀರ್ಣ ಚಿತ್ರದಲ್ಲಿ 18 ಭಾಗ, ಒಂದೊಂದಕ್ಕೆ 2ರಂತೆ 36 ಅಂಕ. ಇವರು ನೋಡಿ ಬರೆದದ್ದಕ್ಕೆ 19. ಮೂರು ನಿಮಿಷದ ನಂತರ ನೆನಪಿನಿಂದ ಬರೆದದ್ದು 9. ಅರ್ಧ ಗಂಟೆಯ ನಂತರವೂ 9. ‘ದೃಶ್ಯ ನೆನಪು 36ಕ್ಕೆ 9’ ಎಂದು ಬರೆದರೆ ಭಯವಾಗುತ್ತದೆ. ಆದರೆ ಎದುರಿಗಿದ್ದಾಗಲೇ 19 ಆಗಿರುವಾಗ ನೆನಪಿಗೆ 36ರ ಸಾಲ ಹೊರಿಸುವುದು ಸಲ್ಲದು. ಪೆನ್ಸಿಲ್ ಹಿಡಿದು ಚಿತ್ರ ಬರೆದು ರೂಢಿಯಿಲ್ಲದ ಕೈ. ಇವರು ಚೌಕಟ್ಟನ್ನು ಮೊದಲು ಹಾಕದೆ ಎಡಗಡೆಯಿಂದ ತುಂಡುತುಂಡಾಗಿ ಬರೆಯುತ್ತ ಹೋದರು, ಬಲಕ್ಕೆ ಬರುವಷ್ಟರಲ್ಲಿ ಜಾಗ ಸಾಲಲಿಲ್ಲ. ಯೋಜನೆಯಲ್ಲಿ ಆದ ಕೊರತೆ ಅದು. ಮೂರು ನಿಮಿಷಕ್ಕೂ ಅರ್ಧ ಗಂಟೆಗೂ ನಡುವೆ ಏನೂ ಸೋರಿಲ್ಲ ಎಂಬುದು ನೆನಪಿನ ಬಗ್ಗೆ ಇಲ್ಲಿ ಸಿಗುವ ಮಾಹಿತಿ.

ಚಿಕ್ಕ ಕಥೆಯೊಂದನ್ನು ಓದಿ ಹೇಳಿಸಿದಾಗ 20 ಅಂಶಗಳಲ್ಲಿ ಕೂಡಲೇ 7, ತಡವಾಗಿ 6. ಕಥೆಯ ಎಳೆ ತಪ್ಪಿರಲಿಲ್ಲ. ಬಿಡಿ ಪದಕ್ಕಿಂತ ಕಥೆ ತಾನೇ ತನ್ನನ್ನು ಹೆಣೆದುಕೊಂಡಿರುವುದರಿಂದ, ಸ್ವಂತವಾಗಿ ಜೋಡಿಸಿಕೊಳ್ಳಲು ತ್ರಾಣವಿಲ್ಲದವರಿಗೆ ಅದು ಹಿಡಿ ಕೊಡುತ್ತದೆ. ಅಂಕಿಗಳನ್ನು ಹೇಳಿದಂತೆಯೇ ಹೇಳುವುದರಲ್ಲಿ 4, ಹಿಂದುಮುಂದಾಗಿ 2. ಲೆಕ್ಕದ ಮನುಷ್ಯನಿಗೆ ಇದು ತೀರಾ ಕಡಿಮೆ. ಮೂರೂ ಕಡೆ ಒಂದೇ ಚಿತ್ರ: ಒಳಗೆ ಹೋಗುವುದು ಕಡಿಮೆ, ಹೋದದ್ದು ಉಳಿಯುತ್ತಿದೆ, ಹೊರತೆಗೆಯಲು ಕೊಂಚ ತಡಕಾಟ.

ಕುಟುಂಬಕ್ಕೆ ವಿವರಿಸುವಾಗ ಅವರದ್ದೇ ಗೋದಾಮಿನ ಮಾತು ಕೆಲಸಕ್ಕೆ ಬಂತು. ಚೀಲ ಕಡಿಮೆ ಇದೆ ಎಂದಮಾತ್ರಕ್ಕೆ ಕಳುವಾಗಿದೆ ಎನ್ನಲಾಗದು; ಲಾರಿಯಿಂದ ಇಳಿದೇ ಇಲ್ಲದಿರಬಹುದು, ಇಳಿದು ಯಾವ ಸಾಲಿನಲ್ಲಿದೆಯೋ ಸಿಗದಿರಬಹುದು. ಗುಮಾಸ್ತರು ಅರ್ಧ ಮಾತಿಗೇ ‘ಇಳಿಸೋದ್ರಾಗ ಫರಕು ಐತಿ ಅಂತೀರಿ’ ಎಂದರು.

ಯಾರೊಂದಿಗೆ ಹೋಲಿಸಿದ್ದು

ನಿಮ್ಹಾನ್ಸ್ ಬ್ಯಾಟರಿಯ ಮಾನದಂಡಗಳು ವಯಸ್ಸು, ಲಿಂಗ, ವಿದ್ಯೆ ಮೂರರಿಂದಲೂ ವಿಂಗಡಣೆಯಾಗಿವೆ: 16ರಿಂದ 30, 31ರಿಂದ 50, 51ರಿಂದ 65, ಗಂಡು, ಹೆಣ್ಣು, ಶಾಲೆಗೆ ಹೋಗದವರು, ಶಾಲೆಯವರು, ಕಾಲೇಜಿನವರು. 15ನೇ ಪರ್ಸೆಂಟೈಲ್‌ಗಿಂತ ಕೆಳಗಿದ್ದರೆ ಕೊರತೆ ಎಂದು ಓದುವುದು ಪದ್ಧತಿ. ಇವರ ಕಲಿಕೆಯ ಮೊತ್ತ ಮತ್ತು ತಡವಾದ ನೆನಪು ಎರಡೂ ಆ ಗೆರೆಯ ಕೆಳಗೆ, ಉಳಿಕೆಯ ಶೇಕಡಾವಾರು ಮತ್ತು ಗುರುತಿಸುವಿಕೆ ಮೇಲೆ.

ಗೆರೆಯ ಅರ್ಥ ಮನಸ್ಸಿನಲ್ಲಿರಬೇಕು. 15ನೇ ಪರ್ಸೆಂಟೈಲ್ ಎಂದರೆ ಯಾವ ಕಾಯಿಲೆಯೂ ಇಲ್ಲದ ನೂರು ಜನರಲ್ಲಿ 15 ಜನ ಅದಕ್ಕಿಂತ ಕೆಳಗೇ ಇರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 10 ಅಂಕಗಳನ್ನು ತೆಗೆದರೆ, ಆರೋಗ್ಯವಂತರಲ್ಲೂ ಕನಿಷ್ಠ ಒಂದಾದರೂ ಗೆರೆಯ ಕೆಳಗೆ ಬೀಳುವ ಸಾಧ್ಯತೆ ಶೇ 80. ನಿಜವಾದ ಪರೀಕ್ಷೆಗಳು ಒಂದಕ್ಕೊಂದು ತಳುಕು ಹಾಕಿಕೊಂಡಿರುವುದರಿಂದ ಅಷ್ಟಾಗದಿದ್ದರೂ, ಒಂಟಿ ಕಡಿಮೆ ಅಂಕವೊಂದನ್ನು ಹಿಡಿದು ಕಾಯಿಲೆ ಕರೆಯುವುದು ಅಪಾಯ. ‘ಶಾಲೆಯವರು’ ಎಂಬ ಗುಂಪಿನಲ್ಲಿ ನಾಲ್ಕನೇ ಇಯತ್ತೆಯವರೂ ಎಸ್‌ಎಸ್‌ಎಲ್‌ಸಿಯವರೂ ಒಟ್ಟಿಗಿರುತ್ತಾರೆ ಎಂಬುದನ್ನೂ ಮರೆಯಬಾರದು. 7ನೇ ತರಗತಿಯೇ ಆದರೂ ಇವರು ದಿನವೂ ಓದಿ ಬರೆದವರು, ಮೊದಲಿನ ಮಟ್ಟ ಗುಂಪಿನ ಸರಾಸರಿಗಿಂತ ಮೇಲೆ ಇದ್ದಿರಲೇಬೇಕು. ಆದ್ದರಿಂದ ಈ ಇಳಿಕೆಯನ್ನು ‘ಓದು ಕಡಿಮೆ’ ಎಂದು ತಳ್ಳಿಹಾಕಲೂ ಆಗುವುದಿಲ್ಲ. ಏನೋ ಆಗಿದೆ. ಏನು ಎಂಬುದನ್ನು ಪದಪಟ್ಟಿ ಒಂದೇ ಹೇಳಲಾರದು.

ಸೊಸೆಯ ಮಾತು, ರಕ್ತ, ಮನಸ್ಸು

ಮಗ ಬಳ್ಳಾರಿಯಲ್ಲಿ ಇರುವವನು, ತಿಂಗಳಿಗೊಮ್ಮೆ ಊರಿಗೆ ಹೋಗುತ್ತಾನೆ. ಜೊತೆಯಲ್ಲಿರುವವರು ಹಿರಿ ಸೊಸೆ. ನಿಜವಾದ ಮಾಹಿತಿ ಬಂದದ್ದು ಅವರಿಂದ: ‘ನಮ್ ಮಾವಾರು ಒಬ್ರೇ ಬಸ್ ಹತ್ತಿ ಸಂತಿಗೆ ಹೋಗ್ತಾರ, ದಾರಿ ತಪ್ಪಿಲ್ರಿ. ಪಿಂಚಣಿ ರೊಕ್ಕ ತಾವ ತರ್ತಾರ. ಆದ್ರ ಅತ್ತಿಯವರು ಹೋದಾಗಿಂದ ಕಟ್ಟಿ ಮ್ಯಾಲ ಕುಂದ್ರೋದ ಬಿಟ್ಟಾರ, ರಾತ್ರಿ ಎರಡಕ್ಕ ಎದ್ದು ಕುಂದ್ರತಾರ.’ ದಿನನಿತ್ಯದ ಕೆಲಸಗಳ ಪ್ರಶ್ನಾವಳಿಯಲ್ಲಿ ಹೊರಬಂದ ತೊಂದರೆ ಎರಡೇ: ಹೇಳಿದ್ದನ್ನು ತಲುಪಿಸುವುದು, ಮನೆಯ ಮುಖ್ಯ ವಿಷಯದಲ್ಲಿ ಆಸಕ್ತಿ. ದಾರಿ, ದುಡ್ಡು, ಸ್ನಾನ, ಬಟ್ಟೆ ಎಲ್ಲ ಸರಿ. 15 ಪ್ರಶ್ನೆಗಳ ವೃದ್ಧರ ಖಿನ್ನತೆ ಮಾಪನವನ್ನು ಓದಿ ಕೇಳಿಸಿದಾಗ 9. ಅಂಕ 5 ದಾಟಿದರೆ ವಿವರವಾಗಿ ವಿಚಾರಿಸಬೇಕು ಎಂಬುದು ರೂಢಿ. ಮನೋವೈದ್ಯರ ಸಂದರ್ಶನದಲ್ಲಿ ಖಿನ್ನತೆ ಖಚಿತವಾಯಿತು.

ರಕ್ತದಲ್ಲಿ ವಿಟಮಿನ್ ಬಿ12 ಮಿಲಿಲೀಟರಿಗೆ 138 ಪಿಕೋಗ್ರಾಂ. 200ಕ್ಕಿಂತ ಕೆಳಗೆ ಎಂದರೆ ಕೊರತೆ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಕರುಳು ಬಿ12 ಹೀರುವುದು ಕುಗ್ಗುತ್ತದೆ, ಮೇಲಾಗಿ ಇವರು ಮಾಂಸ ತಿನ್ನದವರು, ಹಾಲು ಮೊಸರೂ ಅಷ್ಟಕ್ಕಷ್ಟೆ. ಪಾದದ ಉರಿಗೆ ಸಕ್ಕರೆಯೊಂದಿಗೆ ಇದೂ ಕಾರಣವಾಗಿರಬಹುದು, ಅದೇ ಉರಿಗೆ ಕೊಟ್ಟ ಅಮಿಟ್ರಿಪ್ಟಿಲಿನ್ ಮಿದುಳಿನಲ್ಲಿ ಅಸಿಟೈಲ್‌ಕೋಲಿನ್‌ನ ಕೆಲಸಕ್ಕೆ ಅಡ್ಡಬರುತ್ತದೆ. ಹೊಸದನ್ನು ನೆನಪಿಗೆ ಸೇರಿಸಲು ಬೇಕಾದದ್ದೇ ಆ ರಾಸಾಯನಿಕ. ಅಲ್ಪ್ರಜೋಲಮ್ ಕೂಡ ಹೊಡೆಯುವುದು ಹೊಸ ಕಲಿಕೆಯನ್ನೇ. ಮರೆವಿನ ಮಾತ್ರೆ ಡೊನೆಪೆಜಿಲ್ ಅಸಿಟೈಲ್‌ಕೋಲಿನ್ ಹೆಚ್ಚಿಸಲು ಕೊಡುವುದು; ಅಮಿಟ್ರಿಪ್ಟಿಲಿನ್ ನಿಲ್ಲಿಸದೆ ಅದನ್ನು ಶುರು ಮಾಡಿದ್ದರೆ ಒಂದು ಮಾತ್ರೆ ಹತ್ತಿಸಿದ್ದನ್ನು ಇನ್ನೊಂದು ಇಳಿಸುತ್ತಿತ್ತು. ಥೈರಾಯ್ಡ್ ಸರಿ, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ 9.2. ಎಂಆರ್‌ಐನಲ್ಲಿ ಮಿದುಳಿನ ಬಿಳಿ ಭಾಗದಲ್ಲಿ ಅಲ್ಲಲ್ಲಿ ಸಣ್ಣ ಚುಕ್ಕೆಗಳು, ಹಿಪೊಕ್ಯಾಂಪಸ್ ಭಾಗದ ಸವೆತ 4ರ ಮಾಪನದಲ್ಲಿ 1. ಈ ವಯಸ್ಸಿಗೆ ಅದು ಆತಂಕದ ಮಟ್ಟವಲ್ಲ.

ವರದಿಯಲ್ಲಿ ಬರೆದದ್ದು

ಅಭಿಪ್ರಾಯ ಹೀಗಿತ್ತು: ಗಮನ ಮತ್ತು ಹೊಸ ಕಲಿಕೆಯಲ್ಲಿ ಕೊರತೆ ಇದೆ, ಕಲಿತದ್ದರ ಉಳಿಕೆ ಮತ್ತು ಗುರುತಿಸುವಿಕೆ ಚೆನ್ನಾಗಿದೆ, ಖಿನ್ನತೆ, ಬಿ12 ಕೊರತೆ, ಎರಡು ಮಾತ್ರೆಗಳ ಪರಿಣಾಮ, ಕಿವಿ ಇವು ಸೇರಿ ಈ ಚಿತ್ರವನ್ನು ವಿವರಿಸಬಲ್ಲವು, ಸಕ್ಕರೆ ಕಾಯಿಲೆಯಿಂದ ಸಣ್ಣ ರಕ್ತನಾಳಗಳ ತೊಂದರೆಯ ಪಾಲೂ ಇರಬಹುದು, ಈ ಹಂತದಲ್ಲಿ ಅಲ್ಝೈಮರ್ಸ್ ಎನ್ನಲು ಪರೀಕ್ಷೆಯಲ್ಲಿ ಆಧಾರವಿಲ್ಲ. ‘ಅಲ್ಝೈಮರ್ಸ್ ಇಲ್ಲ’ ಎಂದು ಬರೆದಿಲ್ಲ. ಇಳಿವಯಸ್ಸಿನಲ್ಲಿ ಮೊದಲ ಬಾರಿ ಬರುವ ಖಿನ್ನತೆ ಕೆಲವರಲ್ಲಿ ಡಿಮೆನ್ಷಿಯಾದ ಮುನ್ಸೂಚನೆಯೇ ಆಗಿರುತ್ತದೆ. ಆದ್ದರಿಂದ ಯಾವುದು ಕಂಡರೆ ಅಭಿಪ್ರಾಯ ಬದಲಾಗುತ್ತದೆ ಎಂಬುದನ್ನೂ ಬರೆಯಲಾಯಿತು: ಚಿಕಿತ್ಸೆಯ ನಂತರವೂ ಉಳಿಕೆ ಶೇ 50ರ ಕೆಳಗಿಳಿದರೆ, ಗುರುತಿಸುವಿಕೆಯಲ್ಲಿ ತಪ್ಪು ‘ಇತ್ತು’ಗಳು ಹೆಚ್ಚಿದರೆ, ಇಲ್ಲದ ಪದಗಳು ನುಸುಳಲು ಶುರುವಾದರೆ, ದಾರಿ ಅಥವಾ ದುಡ್ಡಿನ ವ್ಯವಹಾರ ಕೆಟ್ಟರೆ.

ಇಷ್ಟು ಕಡಿಮೆ ಅಂಕ ಇರುವಾಗ ಸೌಮ್ಯ ನ್ಯೂರೋಕಾಗ್ನಿಟಿವ್ ಡಿಸಾರ್ಡರ್ (ಡಿಮೆನ್ಷಿಯಾದಷ್ಟು ಮುಂದುವರಿಯದ ಅರಿವಿನ ಇಳಿಕೆ) ಎಂದಾದರೂ ಕರೆಯಬಹುದಿತ್ತಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದೇ. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಅಮೆರಿಕದ ಮನೋವೈದ್ಯರ ಸಂಘ ಹೊರತಂದ ಕೈಪಿಡಿ, 2013ರ ಡಿಎಸ್‌ಎಂ-5, ಅದಕ್ಕೆ ಸುಮಾರು 3ರಿಂದ 16ನೇ ಪರ್ಸೆಂಟೈಲ್ ಎಂಬ ಅಂದಾಜು ಕೊಡುತ್ತದೆ, ಅಂಕ ಅಲ್ಲಿ ಹೊಂದುತ್ತದೆ. ಆದರೆ ಅದೇ ಕೈಪಿಡಿಯಲ್ಲಿ ಖಿನ್ನತೆಯಂಥ ಬೇರೆ ಕಾಯಿಲೆ ಇದನ್ನು ಹೆಚ್ಚು ಚೆನ್ನಾಗಿ ವಿವರಿಸಬಾರದು ಎಂಬ ಷರತ್ತೂ ಇದೆ. ಸರಿಪಡಿಸಬಹುದಾದ ಕಾರಣಗಳು ಕಣ್ಣೆದುರೇ ಇರುವಾಗ ಹೆಸರಿಡಲು ಅವಸರ ಬೇಡ.

ಜಮೀನಿನ ಪ್ರಶ್ನೆಗೆ ಪರೀಕ್ಷೆಯ ಅಂಕ ಉತ್ತರವಾಗಲಾರದು. ಪಾಲುಪತ್ರಕ್ಕೆ ಸಹಿ ಹಾಕುವವರು ತಾವು ಏನು ಮಾಡುತ್ತಿದ್ದೇವೆ, ಅದರಿಂದ ತಮಗೂ ಮಕ್ಕಳಿಗೂ ಏನಾಗುತ್ತದೆ ಎಂದು ತಿಳಿದು ನಿರ್ಧರಿಸಬಲ್ಲರೇ ಎಂಬುದನ್ನೇ ನೋಡಬೇಕಾದದ್ದು, 1872ರ ಕರಾರು ಕಾಯಿದೆಯ 12ನೇ ಕಲಮು ಕೇಳುವುದೂ ಅದನ್ನೇ. ಇವರು ತಮ್ಮ ಹೊಲದ ಎಕರೆ, ಗುಂಟೆ, ಕಾಲುವೆ ನೀರಿನ ಸರದಿ, ಯಾವ ಮಗನಿಗೆ ಯಾವ ತುಂಡು ಏಕೆ ಎಂದು ಬಿಡಿಸಿ ಹೇಳಿದರು. ಆದರೂ ಖಿನ್ನತೆ ಇಳಿಯುವವರೆಗೆ ದೊಡ್ಡ ತೀರ್ಮಾನ ಮುಂದೂಡುವುದು ಲೇಸು ಎಂದು ಮಕ್ಕಳಿಗೆ ಹೇಳಲಾಯಿತು. ‘ನಾನೇನು ಇನ್ನೂ ಸತ್ತಿಲ್ಲಲ್ಲ’ ಎಂದ ತಂದೆಯ ಮಾತೂ ವರದಿಯಷ್ಟೇ ತೂಕದ್ದು.

ಚಿಕಿತ್ಸೆ ಮತ್ತು ಎರಡನೇ ಪರೀಕ್ಷೆ

ಮನೋವೈದ್ಯರು ಅಲ್ಪ್ರಜೋಲಮ್ ಅನ್ನು ವಾರವಾರ ಸ್ವಲ್ಪಸ್ವಲ್ಪವಾಗಿ ಇಳಿಸಿದರು. ಇದನ್ನು ಮನೆಯವರೇ ಒಮ್ಮೆಲೇ ನಿಲ್ಲಿಸಬಾರದು. ನಿದ್ದೆ ಹಾರಿ, ಕೈ ನಡುಗಿ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಅಮಿಟ್ರಿಪ್ಟಿಲಿನ್ ಬದಲು ಡುಲೊಕ್ಸೆಟಿನ್ ಬಂತು, ಪಾದದ ಉರಿ, ಖಿನ್ನತೆ ಎರಡಕ್ಕೂ ಅದು ಆಗುತ್ತದೆ. ಬಿ12 ಇಂಜೆಕ್ಷನ್ 1000 ಮೈಕ್ರೋಗ್ರಾಂ, ಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಕಿವಿಗೆ ಶ್ರವಣ ಸಾಧನ. ಇಂಜೆಕ್ಷನ್ನಿಗೂ ಮಾತ್ರೆಗೂ ಬಳ್ಳಾರಿಗೆ ಅಲೆಯಬೇಕಾಗಲಿಲ್ಲ, ತಾಲ್ಲೂಕು ಮಟ್ಟದಲ್ಲೇ ಆಯಿತು. ತಾಲ್ಲೂಕಿನಲ್ಲೇ ಮಾನಸಿಕ ಕಾಯಿಲೆಗೆ ಔಷಧಿ ಸಿಗಬೇಕೆಂಬ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿಯನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಕಟ್ಟಿ ತೋರಿಸಿದ್ದು ಇದೇ ಬಳ್ಳಾರಿ ಜಿಲ್ಲೆಯಲ್ಲಿ, 1996ರಿಂದ ಅದು ದೇಶದ ಬೇರೆ ಜಿಲ್ಲೆಗಳಿಗೆ ಹೋಯಿತು.

ಏಳು ತಿಂಗಳ ನಂತರ ಮತ್ತೆ ಪರೀಕ್ಷೆ, ಈ ಸಲ ಸಮಾನಾಂತರ ಪದಪಟ್ಟಿಯಿಂದ, ಅಂದರೆ ಅಷ್ಟೇ ಕಷ್ಟದ ಬೇರೆ ಪದಗಳಿಂದ. ಅದೇ ಪಟ್ಟಿ ಬಳಸಿದ್ದರೆ ಹಿಂದಿನ ಪರಿಚಯವೇ ಅಂಕ ಏರಿಸುತ್ತಿತ್ತು. ಐದು ಸುತ್ತು: 4, 6, 8, 9, 9. ಒಟ್ಟು 36. ಎರಡನೇ ಪಟ್ಟಿ 4, ಅದರ ನಂತರ 8, ತಡವಾಗಿ 8, ಗುರುತಿಸಿದ್ದು 14, ತಪ್ಪು 1. ಉಳಿಕೆ ಶೇ 89. ಅಂಕಿ ಮರಳಿ ಹೇಳುವುದು 5 ಮತ್ತು 3. ಖಿನ್ನತೆಯ ಅಂಕ 9ರಿಂದ 3ಕ್ಕೆ ಇಳಿದಿತ್ತು. ಪಟ್ಟಿ ಬೇರೆಯಾದರೂ ಪರೀಕ್ಷೆಯ ರೀತಿ ಗೊತ್ತಿರುವುದರಿಂದ ಎರಡು ಮೂರು ಪದದ ಏರಿಕೆ ಸಹಜ. ಮೊತ್ತದಲ್ಲಿ 12 ಪದಗಳ ಏರಿಕೆಯನ್ನು ಅದೊಂದರಿಂದ ವಿವರಿಸಲಾಗದು. ನಾಲ್ಕು ಚಿಕಿತ್ಸೆ ಒಟ್ಟಿಗೆ ನಡೆದಿರುವುದರಿಂದ ಯಾವುದು ಎಷ್ಟು ಮಾಡಿತು ಎಂದು ಬಿಡಿಸಿ ಹೇಳಲೂ ಬರುವುದಿಲ್ಲ.

ಎಲ್ಲವೂ ಸರಿಹೋಗಿಲ್ಲ. ಚಿತ್ರವನ್ನು ನೋಡಿ ಬರೆದದ್ದಕ್ಕೆ ಈಗಲೂ 36ಕ್ಕೆ 22 ಅಷ್ಟೇ, ತಡವಾಗಿ 12. ಗೆರೆ ಎಳೆದು ಜೋಡಿಸುವ ಕೆಲಸ ನಿಧಾನವೇ ಇದೆ. ಯೋಜನೆ ಮತ್ತು ವೇಗದಲ್ಲಿ ಉಳಿದ ಈ ಕೊರತೆ ಎಂಆರ್‌ಐನ ಬಿಳಿ ಚುಕ್ಕೆಗಳಿಗೆ, ಹತೋಟಿಗೆ ಬಾರದ ಸಕ್ಕರೆಗೆ ಹೊಂದುತ್ತದೆ. ಎಚ್‌ಬಿಎ1ಸಿ 8.1ಕ್ಕಷ್ಟೇ ಇಳಿದಿದೆ. ಮುಂದಿನ ಪರೀಕ್ಷೆ ಒಂದು ವರ್ಷಕ್ಕೆ, ಶ್ರವಣ ಸಾಧನ ಹಾಕಿಕೊಂಡೇ. ಆ ಹೊತ್ತಿಗೆ ನೆನಪಿನ ಉಳಿಕೆಯೊಂದಿಗೆ ಮೊದಲು ನೋಡಬೇಕಾದದ್ದು ವೇಗದ ಪರೀಕ್ಷೆಗಳನ್ನು, ಬಿಪಿಯನ್ನು ಮತ್ತು ಮಾತ್ರೆಗಳ ಚೀಲದೊಳಗೆ ಹೊಸದೇನಾದರೂ ಸೇರಿದೆಯೇ ಎಂಬುದನ್ನು.